ಬಂದೂಕಿಲ್ಲದ ಠಾಣೆಯಲ್ಲಿ

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತಿದ್ದಾಗ ಅಣ್ಣನ ಮಗ ಕೇಳಿದ: “ಚಿಕ್ಕಪ್ಪ, ಲೈಬೀರಿಯಾದಲ್ಲಿ ನೀವು ಎಷ್ಟು ಕೋವಿ ವಶಪಡಿಸಿಕೊಂಡಿರಿ?” 1964ರಲ್ಲಿ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸಿದ ಕಥೆ ಕೇಳಿ ಬೆಳೆಯುವ ಮಡಿಕೇರಿಯ ಹುಡುಗರು ಹೀಗೆ ಕೇಳುವುದು ಸಹಜ. ಒಂದೂ ಇಲ್ಲ ಎಂದೆ.

2009ರಲ್ಲಿ ನಾನು ವಿಶ್ವಸಂಸ್ಥೆಯ ಪೊಲೀಸ್ ಸಲಹೆಗಾರನಾಗಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ರಾಜಧಾನಿ ಮನ್ರೋವಿಯಾಕ್ಕೆ ಹೋಗುವಷ್ಟರಲ್ಲಿ ಆ ಕೆಲಸ ಮುಗಿದಿತ್ತು. ಅಂತರ್ಯುದ್ಧ ಮುಗಿಸಿದ 2003ರ ಶಾಂತಿ ಒಪ್ಪಂದದ ನಂತರ, ಮರುವರ್ಷದ ಕೊನೆಯೊಳಗೆ, ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೋರಾಟ ಬಿಟ್ಟು ಹೆಸರು ಬರೆಸಿದ್ದರು. ಸುಮಾರು 28,000 ಆಯುಧಗಳು ಜಮೆಯಾಗಿದ್ದವು. ಹೊಸದಾಗಿ ಕಟ್ಟಿದ ಪೊಲೀಸ್ ಪಡೆಯ ಸಾಮಾನ್ಯ ಸಿಬ್ಬಂದಿಗೆ ಬಂದೂಕೇ ಇರಲಿಲ್ಲ. ಮನೆಮನೆಯಲ್ಲೂ ಕೋವಿ ಇರುವ ನಾಡಿನಿಂದ ಹೋದ ನನಗೆ ಇದು ಒಗ್ಗಲಿಲ್ಲ. ಯುದ್ಧಕಾಲದಲ್ಲಿ ಸಮವಸ್ತ್ರದವರೇ ಜನರನ್ನು ದೋಚಿದ್ದರೆಂದು ಕೇಳಿದ ಮೇಲೆ ಅರ್ಥವಾಯಿತು.

ನನಗೆ ವಹಿಸಿದ್ದ ಠಾಣೆಯಲ್ಲಿ ಮೊದಲ ವಾರವೆಲ್ಲ ದೂರುದಾರರ ಬೆಂಚಿನ ಮೇಲೆ ಕುಳಿತೆ. ಗಂಡನಿಂದ ಪೆಟ್ಟು ತಿಂದು ಬಂದ ಹೆಂಗಸಿನ ಬಳಿ ಪೇದೆ, ದೂರು ಬರೆಯುವ ಹಾಳೆಗೆಂದು ದುಡ್ಡು ಕೇಳಿದ. ಇಂಥ ಕೈಬಿಸಿಗೆ ಅಲ್ಲಿ ‘ಕೋಲ್ಡ್ ವಾಟರ್’ ಎನ್ನುತ್ತಾರೆ. ಮೈ ಉರಿಯಿತು. ವಿಚಾರಿಸಿದರೆ ಠಾಣೆಗೆ ನಿಜವಾಗಿಯೂ ಹಾಳೆ ಬಂದಿರಲಿಲ್ಲ.

ಬೈಯುವುದು ಬಿಟ್ಟು ರಿಜಿಸ್ಟರ್ ತಂದೆ. ಪುಟ ಹರಿದರೆ ಗೊತ್ತಾಗುವಂತೆ ಪ್ರತಿ ಪುಟಕ್ಕೂ ಸಂಖ್ಯೆ ಹಾಕಿದೆ. ಪ್ರತಿ ದೂರಿಗೂ ಕ್ರಮಸಂಖ್ಯೆ, ಅದನ್ನೇ ಬರೆದ ಚೀಟಿ ದೂರುದಾರರ ಕೈಗೆ. ಲಾಕಪ್‌ಗೆ ಬೇರೆ ಪುಸ್ತಕ: ಒಳಗೆ ಹಾಕಿದ ಹೊತ್ತು, ನ್ಯಾಯಾಲಯಕ್ಕೆ ಕಳಿಸಿದ ಹೊತ್ತು. ನಮ್ಮ ದೇಶದ ಅಭ್ಯಾಸಬಲದಿಂದ ಗಡುವು 24 ಗಂಟೆ ಎಂದುಬಿಟ್ಟೆ. ಅವರ ಸಂವಿಧಾನ ಕೊಡುವುದು 48. ಅಂದಿನಿಂದ ಅವರ ಕಾನೂನಿನ ಪ್ರತಿಯನ್ನೇ ಮುಂದಿಟ್ಟುಕೊಂಡು ಮಾತನಾಡಿದೆ. ‘ನಮ್ಮ ದೇಶದಲ್ಲಿ ಹೀಗೆ’ ಎಂದು ಶುರುಮಾಡಿದರೆ ಯಾರೂ ಕಿವಿಗೊಡುವುದಿಲ್ಲ.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ರಜೆಗೆ ಊರಿಗೆ ಬಂದು ಹಿಂತಿರುಗಿದಾಗ ಮೂರು ವಾರದ ಪುಟಗಳು ಖಾಲಿ. ಹಿಂದಿನ ಪುಟ ತಿರುವಿದೆ. ಮುಕ್ಕಾಲು ಪಾಲು ನನ್ನದೇ ಕೈಬರಹ! ಸಲಹೆಗಾರ ತಾನೇ ಗುಮಾಸ್ತನಾದರೆ ಠಾಣೆ ಏನನ್ನೂ ಕಲಿಯುವುದಿಲ್ಲ. ಹೊಸದಾಗಿ ಸೇರಿದ್ದ ಹೆಣ್ಣುಮಗಳೊಬ್ಬಳಿಗೆ ಪುಸ್ತಕ ಒಪ್ಪಿಸಿದೆ. ಅವಳು ಒಂದು ದೂರಿಗೆ ಮುಕ್ಕಾಲು ಗಂಟೆ ತೆಗೆದುಕೊಂಡರೂ ನಾನು ಪೆನ್ನು ಮುಟ್ಟಲಿಲ್ಲ. ಅದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ನಾನು ಹೊರಡುವ ವಾರ ಒಬ್ಬ ಮುದುಕಿ ಹಳೆಯ ಚೀಟಿ ಹಿಡಿದು ಬಂದಳು. ಬಾಗಿಲ ಬಳಿಯಿದ್ದ ನನ್ನನ್ನು ದಾಟಿ ನೇರವಾಗಿ ಆ ಹೆಣ್ಣುಮಗಳ ಮೇಜಿಗೆ ಹೋದಳು.