ದೀಪ ಹಚ್ಚಿದ ಮೇಲೆ ಕಥೆ, ಕಥೆ ಆದ ಮೇಲೆ ಹೋಂವರ್ಕ್

ಜೂನ್ ಮೊದಲ ಎರಡು ವಾರದಲ್ಲಿ ಮಕ್ಕಳಿಗೆ ಯಾವ ರೂಢಿ ಬೀಳುತ್ತದೋ, ದಸರಾ ರಜೆವರೆಗೂ ಹೆಚ್ಚುಕಡಿಮೆ ಅದೇ ನಡೆಯುತ್ತದೆ. ಆಗ ಪಾಠ ಕಡಿಮೆ, ಬರೆಯುವುದೂ ಕಡಿಮೆ, ಹೊಸ ಪುಸ್ತಕದ ಹುರುಪು ಬೇರೆ ಇರುತ್ತದೆ. ಪುಸ್ತಕಕ್ಕೆ ಬೈಂಡ್ ಹಾಕಿ ಲೇಬಲ್ ಅಂಟಿಸುವ ಹೊತ್ತಿಗೇ ಸಂಜೆಯ ಓದನ್ನೂ ಶುರು ಮಾಡಿಬಿಡಿ. ಮೊದಲ ಟೆಸ್ಟ್ ಬರಲಿ, ಆಮೇಲೆ ನೋಡೋಣ ಅಂತ ಬಿಟ್ಟರೆ ಆಮೇಲೆ ಕೂರಿಸುವುದು ಕಷ್ಟ.

ನಮ್ಮ ಮಗಳು ಮೂರನೇ ಕ್ಲಾಸು, ಮಗ ಆರನೇ ಕ್ಲಾಸು. ನಮ್ಮ ಮನೆಯವರು ಬಸ್ ಡ್ರೈವರ್. ಒಂದು ವಾರ ಬೆಳಗಿನ ಡ್ಯೂಟಿ ಇದ್ದರೆ ಇನ್ನೊಂದು ವಾರ ನೈಟ್ ಹಾಲ್ಟ್. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಇಂಥ ಮನೆಯಲ್ಲಿ ‘ಆರೂವರೆಯಿಂದ ಏಳೂವರೆ ಓದು’ ಅಂತ ಚಾರ್ಟ್ ಬರೆದು ಗೋಡೆಗೆ ಅಂಟಿಸಿದರೆ ಅದು ಗೋಡೆಯ ಮೇಲೇ ಉಳಿಯುತ್ತದೆ. ಅದಕ್ಕೇ ನಾವು ಗಡಿಯಾರ ನೋಡುವುದಿಲ್ಲ. ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಒಂದು ಕೆಲಸವನ್ನು ಗುರುತು ಮಾಡಿಕೊಂಡಿದ್ದೇವೆ. ಅತ್ತೆ ದೇವರಿಗೆ ದೀಪ ಹಚ್ಚಿದರು ಅಂದರೆ ಟಿವಿ ಬಂದ್. ನನ್ನ ಮೊಬೈಲ್ ಸೇರಿ ಎಲ್ಲ ಮೊಬೈಲೂ ಅಡುಗೆಮನೆ ಶೆಲ್ಫಿನ ಮೇಲೆ. ಮಕ್ಕಳು ಚಾಪೆ ಹಾಸುತ್ತಾರೆ. ನಿಮ್ಮ ಮನೆಯ ಗುರುತು ಬೇರೆ ಇರಬಹುದು. ಸಂಜೆಯ ನಮಾಜು, ಡೈರಿಗೆ ಹಾಲು ಹಾಕಿ ಬರುವುದು, ಅಂಗಡಿ ಬಾಗಿಲು ಹಾಕುವುದು, ಯಾವುದಾದರೂ ಸರಿ. ಆದರೆ ಅದು ದಿನಾ ಆಗುವ ಕೆಲಸವಾಗಿರಬೇಕು.

ಶಾಲೆಯಿಂದ ಬಂದ ಕೂಡಲೇ ಪುಸ್ತಕ ತೆಗೆಸಬೇಡಿ. ಕೈಕಾಲು ತೊಳೆದು, ಏನಾದರೂ ತಿಂದು, ಬೀದಿಯಲ್ಲಿ ಆಡಿ ಬರಲಿ.

ಕೂತ ಮೇಲೆ ಮೊದಲು ಕಥೆ, ಆಮೇಲೆ ಹೋಂವರ್ಕ್. ತುಂಬಾ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ‘ಹೋಂವರ್ಕ್ ಮುಗಿಸು, ಆಮೇಲೆ ಕಥೆ ಓದು’ ಅಂದರೆ ಕಥೆಯ ಸರದಿ ಬರುವುದೇ ಇಲ್ಲ. ಅಷ್ಟೊತ್ತಿಗೆ ಮಗು ತೂಕಡಿಸುತ್ತಿರುತ್ತದೆ. ಹೋಂವರ್ಕ್ ಕೇಳಲು ಟೀಚರ್ ಇದ್ದಾರೆ. ಕಥೆ ಓದಿದೆಯಾ ಅಂತ ಕೇಳಲು ಮನೆಯವರೇ ಆಗಬೇಕು, ಅಲ್ವಾ? ಚಿಕ್ಕವಳಿಗೆ ಒಂದು ಹತ್ತು ನಿಮಿಷ ಸಾಕು. ಜಾಸ್ತಿ ಬೇಕು ಅಂತ ಅವಳೇ ಕೇಳಿದರೆ ಸಂತೋಷ.

ಓದುವುದು ಗಟ್ಟಿಯಾಗಿ, ಒಬ್ಬರು ಕೇಳುವಂತೆ ಇರಲಿ. ನಮ್ಮಲ್ಲಿ ಕೇಳುವವರು ಅತ್ತೆ. ಅವರಿಗೆ ಓದು ಬರಹ ಬರುವುದಿಲ್ಲ. ಸೊಪ್ಪು ಸೋಸುತ್ತಾ ಕೂತು ‘ಆಮೇಲೆ ಏನಾಯ್ತು ಪುಟ್ಟಿ? ಆ ನರಿ ಯಾಕೆ ಹಂಗಂತು?’ ಅಂತ ಕೇಳುತ್ತಾರೆ. ಅವರಿಗೆ ನಿಜವಾಗಿಯೂ ಗೊತ್ತಾಗಬೇಕಿರುತ್ತದೆ, ಪರೀಕ್ಷೆ ಮಾಡುವ ಕೇಳುವಿಕೆ ಅಲ್ಲ ಅದು. ಮಗಳು ಹಿಂದಿನ ಪುಟಕ್ಕೆ ಹೋಗಿ ನೋಡಿ, ತನ್ನ ಮಾತಿನಲ್ಲಿ ಬಿಡಿಸಿ ಹೇಳುತ್ತಾಳೆ. ಓದಿದ್ದು ತಲೆಗೆ ಹೋಗಿದೆಯೋ ಇಲ್ಲವೋ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ನಿಮ್ಮ ಮನೆಯಲ್ಲೂ ಓದಲು ಬಾರದ ಹಿರಿಯರು ಇದ್ದರೆ ಅವರನ್ನೇ ಕೂರಿಸಿ.

ಮಗು ತಡವರಿಸಿದಾಗ ತಕ್ಷಣ ಬಾಯಿ ಹಾಕಬೇಡಿ. ಸ್ವಲ್ಪ ಕಾಯಿರಿ. ಮೂರನೇ ಕ್ಲಾಸಿನ ಹೊತ್ತಿಗೆ ಕಾಡುವುದು ಒತ್ತಕ್ಷರ, ಅದರಲ್ಲೂ ಅರ್ಕಾವತ್ತು. ‘ಸೂರ್ಯ’ ಅನ್ನುವುದನ್ನು ನಮ್ಮ ಮಗಳು ‘ಸೂಯರ’ ಅಂತ ಓದುತ್ತಿದ್ದಳು. ಅದು ಸುಮ್ನೆ ಗಮನವಿಲ್ಲದೆ ಓದಿದ್ದಲ್ಲ. ಪುಟದಲ್ಲಿ ಯ ಮೊದಲು ಕಾಣುತ್ತದೆ, ಅರ್ಕಾವತ್ತು ಅದರ ಬಲಕ್ಕೆ. ಬಾಯಲ್ಲಿ ಮಾತ್ರ ರ ಶಬ್ದ ಮೊದಲು ಬರಬೇಕು. ನಾನು ಅರ್ಕಾವತ್ತಿನ ಕೆಳಗೆ ಪೆನ್ಸಿಲ್ ಇಟ್ಟು, ‘ಇದು ಒಂದು ಹೆಜ್ಜೆ ಮುಂಚೆ ಹೋಗಿ ಕೂರುತ್ತೆ’ ಅಂತ ತೋರಿಸಿದೆ. ಆಮೇಲೆ ವರ್ಷ, ಅರ್ಧ, ಮಾರ್ಗ, ಕಾರ್ಯ ಅಂತ ಬರೆದು ಓದಿಸಿದೆ. ಪಾಠದ ಪುಸ್ತಕದಲ್ಲಿ ಇಂಥವು ಎಲ್ಲಿವೆ ಹುಡುಕು ಅಂದಾಗ ಅದೇ ಆಟವಾಯಿತು. ಒಂದು ದಿನಕ್ಕೆ ಒಂದು ತೊಡಕು ಸಾಕು. ಪ್ರತಿ ಸಾಲಿನಲ್ಲೂ ತಿದ್ದಿದರೆ ಕಥೆಯೇ ಕಳೆದುಹೋಗುತ್ತದೆ.

ಪುಸ್ತಕಕ್ಕೆ ದುಡ್ಡಿಲ್ಲ ಅಂತ ನಿಲ್ಲಿಸಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಚಿತ್ರದ ಸಮೇತ ಬಿಟ್ಟಿ ಸಿಗುತ್ತವೆ. ಅಲ್ಲಿ ಒಂದರಿಂದ ನಾಲ್ಕರವರೆಗೆ ಹಂತಗಳಿವೆ. ಕ್ಲಾಸು ನೋಡಿ ಹಂತ ಆರಿಸಬೇಡಿ, ಮಗು ಎಷ್ಟು ಸಲೀಸಾಗಿ ಓದುತ್ತದೆ ನೋಡಿ ಆರಿಸಿ. ನಾನು ಒಂದೆರಡನ್ನು ಪ್ರಿಂಟ್ ಹಾಕಿಸಿ ದಾರದಲ್ಲಿ ಹೊಲಿದು ಕೊಡುತ್ತೇನೆ. ಮೊಬೈಲ್ ಕೈಗೆ ಕೊಟ್ಟರೆ ಕಥೆ ಬಿಟ್ಟು ವಿಡಿಯೋಗೆ ಹೋಗುವುದು ಖಂಡಿತ.

ಇನ್ನು ಹೋಂವರ್ಕ್. ಮೊದಲು ಡೈರಿ ತೆಗೆಸಿ, ಏನೇನಿದೆ ಅಂತ ಮಗುವಿನ ಬಾಯಿಂದಲೇ ಹೇಳಿಸಿ. ಕಷ್ಟದ್ದು ಮೊದಲು, ಕಾಪಿ ರೈಟಿಂಗ್ ಕೊನೆಗೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಒಂದು, ಎರಡನೇ ಕ್ಲಾಸಿಗೆ ಹೋಂವರ್ಕ್ ಇಲ್ಲ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಅಂದರೆ ಮೂರನೇ ಕ್ಲಾಸಿನ ಮಗುವಿಗೆ ದಿನಕ್ಕೆ 20 ನಿಮಿಷದಷ್ಟು. ಇದಕ್ಕಿಂತ ತುಂಬಾ ಜಾಸ್ತಿ ಆಗುತ್ತಿದ್ದರೆ ರಾತ್ರಿ ಹತ್ತರವರೆಗೆ ಕೂರಿಸಬೇಡಿ. ನೀವೇ ಬರೆದೂ ಕೊಡಬೇಡಿ. ‘ಇಷ್ಟು ಮಾಡಿದ್ದಾಳೆ, ಈ ಲೆಕ್ಕ ಅರ್ಥವಾಗಿಲ್ಲ’ ಅಂತ ಡೈರಿಯಲ್ಲಿ ಬರೆದು ಸಹಿ ಹಾಕಿ. ಎಲ್ಲಿ ಅರ್ಥವಾಗಿಲ್ಲ ಅಂತ ಟೀಚರಿಗೆ ತಿಳಿಯುವುದೇ ಒಳ್ಳೆಯದು. ನಾವು ಬರೆದುಕೊಟ್ಟರೆ ಅವರಿಗೆ ಹೇಗೆ ತಿಳಿಯಬೇಕು?

ಅಪ್ಪ ಮನೆಯಲ್ಲಿ ಇಲ್ಲದ ದಿನವೂ ಅವರಿಗೆ ಇದರಲ್ಲಿ ಪಾಲಿರಲಿ. ನೈಟ್ ಹಾಲ್ಟ್ ಇದ್ದಾಗ ನಮ್ಮ ಮನೆಯವರು ಊಟಕ್ಕೆ ಮುಂಚೆ ಫೋನ್ ಮಾಡುತ್ತಾರೆ. ‘ಹೋಂವರ್ಕ್ ಆಯ್ತಾ’ ಅಂತ ಕೇಳುವುದಿಲ್ಲ, ‘ಇವತ್ತು ಏನು ಓದಿದ್ರಿ’ ಅಂತ ಕೇಳುತ್ತಾರೆ. ದೊಡ್ಡವನು ಪೇಪರಿನ ಕ್ರಿಕೆಟ್ ಪುಟ ಓದಿ ಹೇಳುತ್ತಾನೆ. ಅದೂ ಓದೇ.

ಮಲಗುವ ಮುಂಚೆ ಟೈಂಟೇಬಲ್ ನೋಡಿ ಬ್ಯಾಗ್ ಜೋಡಿಸುವುದು ಮಕ್ಕಳದೇ ಕೆಲಸ. ಪೆನ್ಸಿಲ್, ರಬ್ಬರ್, ಮೆಂಡರ್ ಇವೆಯಾ ಅಂತ ಆಗಲೇ ನೋಡಿಕೊಳ್ಳಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಇದ್ದದ್ದೇ, ಚಾರ್ಜಿಂಗ್ ಲೈಟನ್ನು ಮಧ್ಯಾಹ್ನವೇ ಚಾರ್ಜ್‌ಗೆ ಹಾಕಿಡಿ. ಹಬ್ಬದ ದಿನ, ನೆಂಟರು ಬಂದ ದಿನ ಒಂದು ಪುಟ ಓದಿದರೂ ಸಾಕು, ಪೂರ್ತಿ ಬಿಡಬೇಡಿ.

ಒಂದು ತಿಂಗಳು ಹೀಗೆ ಕೂತ ಮೇಲೂ ಮಗು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರೆ, ಬೋರ್ಡಿನ ಮೇಲಿನದನ್ನು ತಪ್ಪು ತಪ್ಪಾಗಿ ಬರೆದುಕೊಂಡು ಬರುತ್ತಿದ್ದರೆ, ಸೋಮಾರಿ ಅಂತ ಬೈಯಬೇಡಿ. ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ.