ಬೆಂಗಳೂರು ಬಿಟ್ಟು ದಾವಣಗೆರೆಯಲ್ಲಿ ಕೂತು ಬರೆಯುವವರಿಗೆ

ಬರೆಯಲೆಂದೇ ದಾವಣಗೆರೆಗೋ ಚಿತ್ರದುರ್ಗಕ್ಕೋ ಬರುವವರು ಮೊದಲು ಮನೆ ಹುಡುಕುತ್ತಾರೆ. ಅದಕ್ಕೂ ಮುಂಚೆ ಆರು ತಿಂಗಳ ಖರ್ಚಿನ ದುಡ್ಡು ಎತ್ತಿಡಿ. ಅನುವಾದ, ಅಂಕಣ, ಕರಡು ತಿದ್ದುವುದು, ಇವುಗಳಲ್ಲಿ ಎರಡಾದರೂ ಖಾಯಂ ಕೆಲಸ ಕೈಯಲ್ಲಿರಲಿ. ಬಿಲ್ ಕಳಿಸಿದ ಎರಡು ಮೂರು ತಿಂಗಳಿಗೆ ದುಡ್ಡು ಬರುವುದು ಈ ಕಸುಬಿನಲ್ಲಿ ಮಾಮೂಲು.

ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಬೇಕಾದವರಿಗೆ ದಾವಣಗೆರೆಯೇ ವಾಸಿ. ಅದು ಬೆಂಗಳೂರು–ಹುಬ್ಬಳ್ಳಿ ಮುಖ್ಯ ರೈಲು ಮಾರ್ಗದಲ್ಲಿದೆ, ವಂದೇ ಭಾರತ್, ಜನಶತಾಬ್ದಿ ಎರಡೂ ನಿಲ್ಲುತ್ತವೆ. ಚಿತ್ರದುರ್ಗ ಹೆದ್ದಾರಿಯಲ್ಲಿ ಬೆಂಗಳೂರಿಗೆ ಸುಮಾರು 60 ಕಿ.ಮೀ. ಹತ್ತಿರವಾದರೂ ಅಲ್ಲಿನ ರೈಲು ಚಿಕ್ಕಜಾಜೂರು–ರಾಯದುರ್ಗದ ಕವಲು ಮಾರ್ಗದ್ದು, ಬಸ್ಸನ್ನೇ ನಂಬಬೇಕು. ಬೆಳಗಾದರೆ ಕೋಟೆಯ ಕಡೆಗೋ ಜೋಗಿಮಟ್ಟಿ ಬೆಟ್ಟದ ಕಡೆಗೋ ನಡೆಯುವ ಆಸೆಯಿದ್ದವರಿಗೆ ಅದೇನು ದೊಡ್ಡ ಕೊರತೆಯಲ್ಲ.

ಮನೆಯನ್ನು ಮಧ್ಯಾಹ್ನ ಮೂರರ ಹೊತ್ತಿಗೆ ನೋಡಿ. ಮೇಲಿನ ಅಂತಸ್ತಿನ ಆರ್‌ಸಿಸಿ ಸೂರು ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿಯವರೆಗೂ ಕೋಣೆಗೆ ಇಳಿಸುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ಕೂತು ಒಂದು ಪುಟ ಮುಗಿಸುವುದೂ ಕಷ್ಟ. ನೆಲಮಹಡಿ, ಉತ್ತರಕ್ಕೆ ಕಿಟಕಿ ಇದ್ದರೆ ಒಳ್ಳೆಯದು. ಪಡುವಣ ಗೋಡೆಗೆ ಮೇಜು ಹಾಕಬೇಡಿ. ನೀರಿನ ವಿಷಯವನ್ನು ಮಾಲೀಕರಿಗಿಂತ ಎದುರುಮನೆಯವರನ್ನು ಕೇಳಿ: ‘ಎಷ್ಟ್ ದಿನಕ್ಕೊಂದ್ಸಲ ನೀರು ಬಿಡ್ತಾರ್ರೀ?’ ಇಬ್ಬರಿದ್ದರೆ 2,000 ಲೀಟರಿನ ಸಂಪಾದರೂ ಬೇಕು.

ಕರೆಂಟು ಹೋದಾಗ ಕೆಲಸ ನಿಲ್ಲದಿರಲು 12 ವೋಲ್ಟ್, 150 ಎಎಚ್‌ನ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಸಾಕು. ಫ್ಯಾನು 75, ಲ್ಯಾಪ್‌ಟಾಪ್ 60, ಬಲ್ಬು, ರೂಟರ್ ಸೇರಿ 25, ಒಟ್ಟು 160 ವ್ಯಾಟ್. ಹೊಸ ಬ್ಯಾಟರಿಯಾದರೆ ಸುಮಾರು ಆರು ತಾಸು ಎಳೆಯುತ್ತದೆ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ರೂಟರಿನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಸೇರಿಸದಿರುವುದು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ. ಬೋರ್‌ವೆಲ್ ನೀರಿನ ಲವಣ ಪ್ಲೇಟುಗಳನ್ನು ಹಾಳು ಮಾಡುತ್ತದೆ. ಬಡಾವಣೆಯ ಕೇಬಲ್ ಪೆಟ್ಟಿಗೆಗೇ ಕರೆಂಟಿಲ್ಲದಿದ್ದರೆ ಮನೆಯ ಇನ್ವರ್ಟರ್ ಏನೂ ಮಾಡಲಾರದು, ಬೇರೆ ಕಂಪನಿಯ ಸಿಮ್ ಒಂದು ಇರಲಿ.

ದೂರದಿಂದ ಪುಸ್ತಕ ಮಾಡಿಸುವಾಗ ಹೆಚ್ಚು ಕೆಡುವುದು ಫಾಂಟಿನಲ್ಲಿ. ನೀವು ಯುನಿಕೋಡ್‌ನಲ್ಲಿ ಬರೆದಿರುತ್ತೀರಿ, ಪುಟವಿನ್ಯಾಸದವರು ಅದನ್ನು ಹಳೆಯ ‘ನುಡಿ’ ತಂತ್ರಾಂಶದ ಫಾಂಟಿಗೆ ಪರಿವರ್ತಿಸುತ್ತಾರೆ. ಹಳೆಯ ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ದಾಖಲಾಗುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಈ ಅದಲುಬದಲಿನಲ್ಲಿ ‘ವರ್ಷ’, ‘ಸೂರ್ಯ’ದಂಥ ಪದಗಳು ಮುರಿಯಬಹುದು. ನುಡಿಯಿಂದ ಮತ್ತೆ ಯುನಿಕೋಡ್‌ಗೆ ತಂದರೆ ಮಧ್ಯೆ ಇರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಕಡತದ ಜೊತೆ ಪಿಡಿಎಫ್ ಕೂಡ ಕಳಿಸಿ. ಮರಳಿ ಬಂದ ಕರಡನ್ನು ಕಾಗದದ ಮೇಲೆ ಮುದ್ರಿಸಿ, ಮೊದಲ ಸುತ್ತಿನಲ್ಲಿ ಅರ್ಕಾವೊತ್ತು, ಅಂಕಿ, ಉದ್ಧರಣ ಚಿಹ್ನೆ ಇಷ್ಟನ್ನೇ ನೋಡಿ. ಓದುತ್ತಾ ತಿದ್ದಲು ಹೋದರೆ ಕಣ್ಣು ತಾನೇ ಸರಿಪಡಿಸಿಕೊಂಡು ಮುಂದೆ ಹೋಗಿಬಿಡುತ್ತದೆ.

ಪುಸ್ತಕದ ಪ್ರತಿ ಕಳಿಸಲು 2025ರ ಮೇ 1ರಿಂದ ಶುರುವಾದ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಇದೆ: ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ವರೆಗೆ 100, ತೆರಿಗೆ ಬೇರೆ. 200 ಪುಟದ ಡೆಮಿ ಅಳತೆಯ ಪುಸ್ತಕ ತೆಳು ರಟ್ಟಿನಲ್ಲಿ ಸುತ್ತಿದರೆ 300 ಗ್ರಾಂನೊಳಗೇ ಕೂರುತ್ತದೆ. ರಸ್ತೆ, ರೈಲಿನಲ್ಲೇ ಸಾಗುವುದರಿಂದ ಬಿಡುಗಡೆಯ ಹಿಂದಿನ ದಿನ ನಂಬಬೇಡಿ.

ಇಷ್ಟೆಲ್ಲ ಹೊಂದಿಸಿದರೂ ನೀವು ಈ ಊರಿಗೆ ಬಂದದ್ದು ಬೆಳಗಿನ ನಾಲ್ಕು ತಾಸಿಗಾಗಿ, ಅದನ್ನೇ ಮೊದಲು ಕಳೆದುಕೊಳ್ಳುತ್ತೀರಿ. ‘ಸಾಹಿತಿಗಳು ಮನೇಲೇ ಇರ್ತಾರೆ’ ಎಂಬ ಸುದ್ದಿ ಬಡಾವಣೆ ತುಂಬಾ ಹರಡಲು ವಾರ ಸಾಕು. ಜನ ಬರುವುದು ಪ್ರೀತಿಯಿಂದಲೇ, ಹಾಗಾಗಿ ಬಾಗಿಲಲ್ಲಿ ನಿಲ್ಲಿಸಿ ಕಳಿಸಲಾಗುವುದಿಲ್ಲ. ಬಂದ ಮೊದಲ ವಾರದಿಂದಲೇ ಎಲ್ಲರಿಗೂ ಒಂದೇ ಮಾತು ಹೇಳಿ: ‘ಸಂಜೆ ಐದರ ಮೇಲೆ ಬನ್ನಿ, ಮಂಡಕ್ಕಿ ಮಿರ್ಚಿ ತಿನ್ನೋಣ.’ ಆಮೇಲೆ ಕರೆದ ಹೊತ್ತಿಗೆ ನಿಜವಾಗಿ ಬಿಡುವಾಗಿರಿ. ಆ ಹರಟೆಯಲ್ಲೇ ಅಡಿಕೆ, ಮೆಕ್ಕೆಜೋಳದ ಧಾರಣೆಯಿಂದ ಹಿಡಿದು ಹಳೆಯ ಹತ್ತಿ ಗಿರಣಿಗಳ ಪಾಳಿಯವರೆಗೆ ಯಾವ ನಿಘಂಟೂ ಕೊಡದ ಮಾತು ಸಿಗುತ್ತದೆ. ಕಿಸೆಯಲ್ಲಿ ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಅವರು ಎದ್ದು ಹೋದ ಮೇಲೆ ಬರೆದುಕೊಳ್ಳಿ, ಎದುರಿಗಲ್ಲ. ಪೆನ್ನು ಕಂಡರೆ ಮಾತು ಗ್ರಾಂಥಿಕವಾಗುತ್ತದೆ.

ಮುಖ್ಯ ಅತಿಥಿಯ ಕರೆಗೆ ತಿಂಗಳಿಗೊಂದೇ ಎಂಬ ಲೆಕ್ಕವಿಡಿ. ಫೋನಿನಲ್ಲಿ ‘ನೋಡೋಣ’ ಎಂದರೆ ಆಹ್ವಾನ ಪತ್ರಿಕೆಯಲ್ಲಿ ನಿಮ್ಮ ಹೆಸರು ಅಚ್ಚಾಗಿರುತ್ತದೆ. ಆಗುವುದಿಲ್ಲ ಎನ್ನುವುದಿದ್ದರೆ ಅವತ್ತೇ ಹೇಳಿ, ಬದಲಿಗೆ ಇನ್ನೊಬ್ಬರ ಹೆಸರನ್ನೂ ಸೂಚಿಸಿ. ಮುನ್ನುಡಿ ಕೇಳಿದವರಿಂದ ಪೂರ್ತಿ ಹಸ್ತಪ್ರತಿ ತರಿಸಿಕೊಂಡು ಎರಡು ತಿಂಗಳ ಸಮಯ ಕೇಳಿ. ಓದಿ ಒಪ್ಪಿಗೆಯಾಗದಿದ್ದರೆ ಬರೆಯಬೇಡಿ, ಎರಡು ಪುಟದ ಟಿಪ್ಪಣಿ ಮಾಡಿ ಅವರ ಕೈಗೇ ಕೊಡಿ.