ಫಾರ್ಮ್ಯಾಟ್ ಮಾಡದೆ ವಿಂಡೋಸ್ 11 ಹಾಕುವುದು ಹೇಗೆ?

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿರುವ ನನ್ನ ಸೋದರಮಾವ ನಿವೃತ್ತ ಕನ್ನಡ ಮಾಷ್ಟ್ರು. ಊರಿನ ತಾಳಮದ್ದಳೆ ಕೂಟಗಳಿಗೆ ಬೇಕಾದ ಪ್ರಸಂಗದ ಪದ್ಯಗಳನ್ನೆಲ್ಲ ವರ್ಷಗಟ್ಟಲೆ ಕುಳಿತು 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟವರು. ಒಮ್ಮೆ ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಯೊಂದಕ್ಕೆ ಕೊಟ್ಟರು. ಅಲ್ಲಿಯವರು ಡಿಸ್ಕ್ ಅಳಿಸಿ ಹೊಸ ವಿಂಡೋಸ್ ಹಾಕಿ ಕೊಟ್ಟರು. ಮರುದಿನ ಬೆಳಿಗ್ಗೆಯೇ ಫೋನು: "ಅಳಿಯಾ, ಪದ್ಯ ಎಲ್ಲ ಇಂಗ್ಲಿಷಾಗಿ ಹೋಗಿದೆ ಮಾರಾಯ. ಇನ್ನು ಎಂತ ಮಾಡುವುದು?"

ಡೆಸ್ಕ್‌ಟಾಪಿನಲ್ಲಿದ್ದ ಕಡತಗಳು ಹೋಗಿಯೇ ಹೋಗಿದ್ದವು. ಡಿ ಡ್ರೈವಿನಲ್ಲಿದ್ದವು ಉಳಿದಿದ್ದರೂ ತೆರೆದರೆ ಬರೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಾರಣ ಇಷ್ಟೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಎಂಬ ಅಕ್ಷರ ಸಂಕೇತ ಬಳಕೆಗೆ ಬರುವ ಮೊದಲಿನ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂತಿರುತ್ತದೆ. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದು ತಿಳಿಯುವ ದಾರಿಯೇ ಇಲ್ಲ. ಫಾಂಟು ಮರಳಿ ಹಾಕಿದ ಮೇಲೆ ಡಿ ಡ್ರೈವಿನ ಪದ್ಯಗಳು ಓದಲು ಸಿಕ್ಕಿದವು. ಡೆಸ್ಕ್‌ಟಾಪಿನವು ಸಿಗಲಿಲ್ಲ.

ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ, ಸಂಘದ ಕಚೇರಿಗಳಲ್ಲಿ ಇಂಥ ಕಡತಗಳು ಇನ್ನೂ ಬಹಳ ಇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಎಲ್ಲರ ಬಾಯಲ್ಲೂ ಈಗ 'ಹೊಸ ವಿಂಡೋಸ್ ಹಾಕಿಸಬೇಕು' ಎಂಬ ಮಾತು. ಹಾಕಿಸಿ, ಆದರೆ ಫಾರ್ಮ್ಯಾಟ್, ಎಂದರೆ ಡಿಸ್ಕ್ ಅಳಿಸುವ ಕೆಲಸ, ಮಾಡಿಸಬೇಡಿ. ಐಎಸ್ಒ ಎಂಬ ಒಂದೇ ಕಡತದಿಂದ, ಇರುವ ಫಾಂಟು, ತಂತ್ರಾಂಶ, ಫೋಟೋ ಯಾವುದನ್ನೂ ಅಲುಗಿಸದೆ ಮನೆಯಲ್ಲೇ ಮಾಡಿಕೊಳ್ಳಬಹುದು.

ಐಎಸ್ಒ ಎಂದರೆ

ಮೊದಲೆಲ್ಲ ವಿಂಡೋಸ್ ಡಿವಿಡಿಯಲ್ಲಿ ಬರುತ್ತಿತ್ತು. ಆ ಡಿಸ್ಕಿನಲ್ಲಿ ಇರುವುದನ್ನೆಲ್ಲ ಹಾಗೆಯೇ ಒಂದು ಕಡತವಾಗಿ ಕಟ್ಟಿದರೆ ಅದೇ ಐಎಸ್ಒ. ಈ ಕಡತವನ್ನು 'ಮೌಂಟ್' ಮಾಡಿದಾಗ ಕಂಪ್ಯೂಟರು ತನ್ನೊಳಗೆ ನಿಜವಾದ ಡಿವಿಡಿ ಹಾಕಿದ್ದಾರೆಂದೇ ತಿಳಿದು ಹೊಸ ಡ್ರೈವೊಂದನ್ನು ತೋರಿಸುತ್ತದೆ. ವಿಂಡೋಸ್ 8ರಿಂದ ಈಚೆಗೆ ಇದಕ್ಕೆ ಬೇರೆ ತಂತ್ರಾಂಶ ಬೇಡ. ವಿಂಡೋಸ್ 7ರಲ್ಲಿ ಈ ಸೌಲಭ್ಯವಿಲ್ಲ.

ನಮ್ಮ ಕಡೆಗೆ ಈ ದಾರಿ ಇನ್ನೊಂದು ಕಾರಣಕ್ಕೂ ಒಳ್ಳೆಯದು. ಗುಡ್ಡದ ಬದಿಯ ಮನೆಗಳಲ್ಲಿ ರೇಂಜ್ ಬೇಕಾದರೆ ತೋಟ ದಾಟಿ ಮೇಲೆ ಹತ್ತಬೇಕು. ಅಲ್ಲಿ ಹಲವು ಜಿಬಿ ಇಳಿಸುವ ಮಾತೇ ಇಲ್ಲ. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಫೈಬರ್ ಇರುವ ನೆಂಟರ ಮನೆಯಲ್ಲಿ ಒಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿ ತಂದರೆ ಅದೇ ಕಡತ ನಾಲ್ಕು ಮನೆಗೆ ಆಗುತ್ತದೆ.

ನಿಮ್ಮ ಕಂಪ್ಯೂಟರಿಗೆ ಆಗುತ್ತದೆಯೇ?

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಸೌಲಭ್ಯ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರಿಂದ ಈಚಿನದು, ಎಎಂಡಿ ಆದರೆ ರೈಜನ್ 2000 ಸರಣಿಯಿಂದ ಈಚಿನದು. ಮೈಕ್ರೋಸಾಫ್ಟಿನದೇ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ನೋಡಿ ಹೇಳುತ್ತದೆ. ಟಿಪಿಎಂ ಇಲ್ಲ ಎಂದು ಹೇಳಿದರೆ ಕೂಡಲೇ ಆಸೆ ಬಿಡಬೇಡಿ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಬಯಾಸ್‌ನಲ್ಲಿ, ಎಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬೇಕಾದ ಸೆಟ್ಟಿಂಗ್ಸ್‌ನಲ್ಲಿ, ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ಈ ತಪಾಸಣೆಯನ್ನೇ ದಾಟಿಸಿ ಹಳೆಯ ಯಂತ್ರಕ್ಕೂ ವಿಂಡೋಸ್ 11 ತುರುಕುವ ಉಪಾಯಗಳಿವೆ. ನಾನು ಯಾರಿಗೂ ಹೇಳಿಕೊಡುವುದಿಲ್ಲ. ಮುಂದೆ ಅಪ್‌ಡೇಟ್ ಬಂದೀತೆಂಬ ಭರವಸೆ ಇಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬೇಡ. ಅಂಥ ಕಂಪ್ಯೂಟರಿಗೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಇದೆ. ನಮ್ಮ ಮಕ್ಕಳು ಕೇರಳದ ಸರಕಾರಿ ಶಾಲೆಗಳಲ್ಲಿ ಕಲಿಯುತ್ತಿರುವುದೂ ಉಬುಂಟು ಆಧಾರಿತ ಕೈಟ್ ಲಿನಕ್ಸನ್ನೇ. ಅದೂ ಐಎಸ್ಒ ಆಗಿಯೇ ಸಿಗುತ್ತದೆ. ಆದರೆ ವಿಂಡೋಸ್ ಒಳಗೆ ಮೌಂಟ್ ಮಾಡಿ ಅದನ್ನು ಹಾಕಲು ಬರುವುದಿಲ್ಲ, ಪೆನ್‌ಡ್ರೈವಿನಿಂದ ಬೂಟ್ ಮಾಡಬೇಕು. ಆ ಕೆಲಸ ಬೇರೆ, ಇಲ್ಲಿ ಬೆರೆಸುವುದು ಬೇಡ.

ಮೊದಲು ಗಂಟು ಕಟ್ಟಿಕೊಳ್ಳಿ

ಏನೂ ಹೋಗುವುದಿಲ್ಲ ಎಂದು ನಾನು ಹೇಳಿದರೂ ನಕಲು ತೆಗೆಯದೆ ಶುರುಮಾಡಬೇಡಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪಿಕ್ಚರ್ಸ್ ಈ ನಾಲ್ಕನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ. ಹೆಚ್ಚಿನವರು ಮರೆಯುವುದು ಫಾಂಟುಗಳನ್ನು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ 'ಫಾಂಟ್ಸ್' ಎಂಬ ಫೋಲ್ಡರ್ ಇದೆ. ಅದರಲ್ಲಿರುವ ನುಡಿ, ಬರಹದ ಫಾಂಟುಗಳನ್ನೆಲ್ಲ ಹುಡುಕಿ ನಕಲು ಮಾಡಿಕೊಳ್ಳಿ. ಅವೇ ನಿಮ್ಮ ಹಳೆಯ ಕಡತಗಳ ಬೀಗದ ಕೈ. ಮಾವನ ಮನೆಯಲ್ಲಿ ಅದನ್ನೊಂದು ಬೇರೆಯೇ ಪೆನ್‌ಡ್ರೈವಿಗೆ ಹಾಕಿ ಗೋದ್ರೇಜಿನೊಳಗೆ ಇಟ್ಟಿದ್ದೇವೆ.

ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಷನ್' ಆನ್ ಇದ್ದರೆ ಅದರ ರಿಕವರಿ ಕೀಯ 48 ಅಂಕೆಗಳನ್ನು ಕಾಗದದಲ್ಲಿ ಬರೆದಿಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಿಗೆ ಅದು ಆ ಖಾತೆಯಲ್ಲಿಯೇ ಸಿಗುತ್ತದೆ. ಕೆಲಸ ಮುಗಿಯುವ ತನಕ ಬಿಟ್‌ಲಾಕರನ್ನು 'ಸಸ್ಪೆಂಡ್' ಮಾಡಿಡುವುದು, ಎಂದರೆ ತಾತ್ಕಾಲಿಕವಾಗಿ ನಿಲ್ಲಿಸುವುದು, ಕ್ಷೇಮ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ತೆಗೆದುಬಿಡಿ, ಆಮೇಲೆ ಹಾಕಿಕೊಳ್ಳಬಹುದು. ಸಿ ಡ್ರೈವಿನಲ್ಲಿ 30 ಜಿಬಿಯಷ್ಟಾದರೂ ಖಾಲಿ ಜಾಗ ಇರಲಿ. ಪ್ರಿಂಟರ್, ಡಾಂಗಲ್ ಎಲ್ಲ ಕಳಚಿ, ಕೀಬೋರ್ಡು ಮೌಸು ಸಾಕು.

ಕಡತ ಇಳಿಸುವಾಗ

ಮೈಕ್ರೋಸಾಫ್ಟಿನ ವಿಂಡೋಸ್ 11 ಡೌನ್‌ಲೋಡ್ ಪುಟದಲ್ಲಿ 'ಡಿಸ್ಕ್ ಇಮೇಜ್, ಐಎಸ್ಒ' ಎಂಬ ಭಾಗವೊಂದಿದೆ. ಅಲ್ಲಿಂದಲೇ ಇಳಿಸಿ. ವಾಟ್ಸ್ಆ್ಯಪಿನಲ್ಲಿ, ಟೆಲಿಗ್ರಾಮಿನಲ್ಲಿ ಬಂದ ಕೊಂಡಿಯಿಂದ ಬೇಡವೇ ಬೇಡ. ಪುಟ ಕೊಡುವ ಕೊಂಡಿ 24 ಗಂಟೆ ಮಾತ್ರ ನಡೆಯುತ್ತದೆ.

ಭಾಷೆ ಆರಿಸುವಲ್ಲಿ ತುಂಬ ಮಂದಿ ಎಡವುತ್ತಾರೆ. 'ಇಂಗ್ಲಿಷ್, ಯುನೈಟೆಡ್ ಸ್ಟೇಟ್ಸ್' ಬೇರೆ, 'ಇಂಗ್ಲಿಷ್ ಇಂಟರ್‌ನ್ಯಾಷನಲ್' ಬೇರೆ. ಈಗ ಇರುವ ವಿಂಡೋಸ್ ಯಾವ ಭಾಷೆಯಲ್ಲಿ ಇನ್‌ಸ್ಟಾಲ್ ಆಗಿದೆಯೋ ಅದನ್ನೇ ಇಳಿಸದಿದ್ದರೆ ತಂತ್ರಾಂಶಗಳನ್ನು ಉಳಿಸಿಕೊಳ್ಳುವ ಆಯ್ಕೆ ಸಿಗುವುದಿಲ್ಲ. ನುಡಿ ಹೋಯಿತೆಂದೇ ಲೆಕ್ಕ. ತಿಳಿಯಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇಂಗ್ಲಿಷಿನಲ್ಲಿ ಹೀಗೆ ಟೈಪ್ ಮಾಡಿ: ಡಿಐಎಸ್ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಗೆಟ್, ಹೈಫನ್, ಐಎನ್‌ಟಿಎಲ್. 'ಡಿಫಾಲ್ಟ್ ಸಿಸ್ಟಮ್ ಯುಐ ಲ್ಯಾಂಗ್ವೇಜ್' ಎಂಬ ಸಾಲಿನಲ್ಲಿ ಇಎನ್-ಯುಎಸ್ ಎಂದಿದ್ದರೆ ಮೊದಲಿನದು, ಇಎನ್-ಜಿಬಿ ಎಂದಿದ್ದರೆ ಇಂಟರ್‌ನ್ಯಾಷನಲ್. ನಾಲ್ಕು ಮನೆಗೆ ಒಂದೇ ಕಡತ ಕೊಂಡುಹೋಗುವವರು ನಾಲ್ಕೂ ಕಡೆ ಇದನ್ನು ನೋಡಬೇಕು.

ಇನ್ನು ಪೆನ್‌ಡ್ರೈವ್. 16 ಜಿಬಿಯದ್ದು ತಂದು ಕಡತ ಹಾಕಹೋದರೆ 'ಕಡತ ತುಂಬ ದೊಡ್ಡದು' ಎಂದು ಹೇಳುತ್ತದೆ. ಜಾಗವಿದ್ದರೂ ಹೀಗೇಕೆ ಎಂದು ಮಾವ ಅರ್ಧ ದಿನ ತಲೆಕೆಡಿಸಿಕೊಂಡಿದ್ದರು. ಹೆಚ್ಚಿನ ಪೆನ್‌ಡ್ರೈವುಗಳು ಬರುವಾಗ ಫ್ಯಾಟ್32 ಎಂಬ ಕ್ರಮದಲ್ಲಿರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಕಡತ ಹಿಡಿಸುವುದಿಲ್ಲ. ಪೆನ್‌ಡ್ರೈವಿನಲ್ಲಿರುವುದನ್ನು ಬೇರೆಡೆ ತೆಗೆದಿಟ್ಟು, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಎನ್‌ಟಿಎಫ್ಎಸ್ ಎಂದು ಆರಿಸಿ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಬೇಕಾದ್ದು ಇದೊಂದನ್ನೇ.

ಮೌಂಟ್ ಮಾಡಿ, ಸೆಟಪ್ ತೆರೆಯಿರಿ

ಕಡತವನ್ನು ಪೆನ್‌ಡ್ರೈವಿನಿಂದ ಕಂಪ್ಯೂಟರಿನ ಡ್ರೈವಿಗೆ ನಕಲು ಮಾಡಿಕೊಳ್ಳಿ. ಪೆನ್‌ಡ್ರೈವಿನಲ್ಲೇ ಇಟ್ಟು ಮಾಡಿದರೆ ನಡುವೆ ಕೈತಾಗಿ ಅದು ಕಳಚಿದರೆ ಕೆಲಸ ಕೆಡುತ್ತದೆ. ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ 'ಮೌಂಟ್' ಒತ್ತಿ. ಆ ಆಯ್ಕೆ ಕಾಣದಿದ್ದರೆ 'ಓಪನ್ ವಿತ್' ಒಳಗೆ 'ವಿಂಡೋಸ್ ಎಕ್ಸ್‌ಪ್ಲೋರರ್' ಆರಿಸಿ. ಜಿಪ್ ಬಿಚ್ಚುವ ತಂತ್ರಾಂಶ ಹಾಕಿಕೊಂಡವರಿಗೆ ಹೀಗಾಗುವುದುಂಟು. 'ದಿಸ್ ಪಿಸಿ'ಯಲ್ಲಿ ಡಿವಿಡಿಯ ಗುರುತಿನ ಹೊಸ ಡ್ರೈವ್ ಬಂದಿರುತ್ತದೆ. ಅದನ್ನು ತೆರೆದು 'ಸೆಟಪ್' ಎಂಬುದನ್ನು ಎರಡು ಸಲ ಕ್ಲಿಕ್ ಮಾಡಿ.

ಮೊದಲ ಕಿಟಕಿಯಲ್ಲೇ ಅಪ್‌ಡೇಟ್ ಇಳಿಸುವ ರೀತಿ ಬದಲಿಸಲು ಸಣ್ಣ ಅಕ್ಷರದ ಕೊಂಡಿಯೊಂದು ಇದೆ. ಅದನ್ನು ಒತ್ತಿ 'ನಾಟ್ ರೈಟ್ ನೌ' ಎಂದು ಆರಿಸಿ. ಇಲ್ಲವಾದರೆ ಮೊಬೈಲಿನ ಡೇಟಾ ಎಲ್ಲ ಅಲ್ಲೇ ಖಾಲಿ. ಆಮೇಲೆ ಒಪ್ಪಿಗೆಯ ಪುಟ, ಒಂದಿಷ್ಟು ತಪಾಸಣೆ, ಕೊನೆಗೆ 'ರೆಡಿ ಟು ಇನ್‌ಸ್ಟಾಲ್'.

ಇಲ್ಲಿ ನಿಲ್ಲಿ. ಕನ್ನಡಕ ಹಾಕಿಕೊಂಡು ಓದಿ. 'ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್' ಎಂಬ ಸಾಲಿನ ಮುಂದೆ ಸರಿ ಗುರುತು ಇರಲೇಬೇಕು. 'ಪರ್ಸನಲ್ ಫೈಲ್ಸ್ ಓನ್ಲಿ' ಎಂದಿದ್ದರೆ ಕಡತ ಮಾತ್ರ ಉಳಿಯುತ್ತದೆ, 'ನಥಿಂಗ್' ಎಂದಿದ್ದರೆ ಅಂಗಡಿಯಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ. ಬೇಕಾದ ಆಯ್ಕೆ ಮಸುಕಾಗಿದ್ದರೆ ಮುಂದೆ ಹೋಗಬೇಡಿ. ಕಿಟಕಿ ಮುಚ್ಚಿ, ಭಾಷೆ ಸರಿಯಿದೆಯೇ ಎಂದು ಮತ್ತೆ ನೋಡಿ.

'ಇನ್‌ಸ್ಟಾಲ್' ಒತ್ತಿದ ಮೇಲೆ ಒಂದರಿಂದ ಎರಡು ಗಂಟೆ ಹಿಡಿಯಬಹುದು, ಎಸ್ಎಸ್‌ಡಿ ಇಲ್ಲದ ಯಂತ್ರದಲ್ಲಿ ಇನ್ನೂ ಹೆಚ್ಚು. ನಡುವೆ ಕೆಲವು ಸಲ ತಾನಾಗಿ ಆಫ್ ಆಗಿ ಆನ್ ಆಗುತ್ತದೆ. ಹೀಗೆ ರೀಸ್ಟಾರ್ಟ್ ಆದಾಗ ಮೌಂಟ್ ಆದ ಡ್ರೈವ್ ಮಾಯವಾಗುತ್ತದೆ. ಗಾಬರಿ ಬೇಡ, ಬೇಕಾದ್ದನ್ನು ಅಷ್ಟರಲ್ಲಿ ಸಿ ಡ್ರೈವಿಗೆ ನಕಲು ಮಾಡಿಕೊಂಡಿರುತ್ತದೆ. ಪರ್ಸೆಂಟ್ ಅಂಕೆ ಒಂದೇ ಕಡೆ ನಿಂತಂತೆ ಕಂಡರೂ ಪವರ್ ಬಟನ್ ಮುಟ್ಟಬೇಡಿ.

ಕರೆಂಟಿನದೇ ದೊಡ್ಡ ಚಿಂತೆ. ಅಕ್ಟೋಬರ್, ನವೆಂಬರಿನಲ್ಲಿ ನಮ್ಮಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಸಿಡಿಲು. ಹಾಗಾಗಿ ಬೆಳಗ್ಗೆ ಕಾಫಿ ಕುಡಿದ ಕೂಡಲೇ ಶುರುಮಾಡಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಚಾರ್ಜರೂ ಸಿಕ್ಕಿಸಿರಲಿ. ಡೆಸ್ಕ್‌ಟಾಪನ್ನು ಮನೆಯ ಇನ್ವರ್ಟರಿನ ಲೈನಿಗೆ ಕೊಡಿ. ಸಣ್ಣ ಯುಪಿಎಸ್ ಹತ್ತು ಹದಿನೈದು ನಿಮಿಷದಲ್ಲಿ ಕೈಕೊಡುತ್ತದೆ.

ಅರ್ಧದಲ್ಲಿ ಕೆಲಸ ನಿಂತರೆ ಸಾಮಾನ್ಯವಾಗಿ ಹಳೆಯ ವಿಂಡೋಸ್ ತಾನಾಗಿಯೇ ಮರಳಿ ಬರುತ್ತದೆ. ಆಗ ಕಾಣುವ ಎರರ್ ಸಂಖ್ಯೆ ಬರೆದುಕೊಳ್ಳಿ. 0ಎಕ್ಸ್‌ಸಿ1900101 ಎಂದು ಶುರುವಾದರೆ ಬಹುತೇಕ ಡ್ರೈವರಿನ, ಎಂದರೆ ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶದ, ತಕರಾರು. ಕಂಪ್ಯೂಟರ್ ತಯಾರಿಸಿದ ಕಂಪನಿಯ ಪುಟದಿಂದ ಹೊಸ ಡ್ರೈವರ್ ಹಾಕಿ ಮತ್ತೆ ಪ್ರಯತ್ನಿಸಬಹುದು.

ಹೊಸ ವಿಂಡೋಸ್ ತೆರೆದುಕೊಂಡ ಮೇಲೆ ಮೊದಲು ಒಂದು ಹಳೆಯ ನುಡಿ ಕಡತ, ಒಂದು ಬರಹ ಕಡತ ತೆರೆದು ನೋಡಿ. ಕೀಬೋರ್ಡಿನಲ್ಲಿ ಕನ್ನಡ, ಮಲಯಾಳ ಎರಡೂ ಇವೆಯೇ, ಪ್ರಿಂಟರ್ ನಡೆಯುತ್ತದೆಯೇ ನೋಡಿ. ಬಿಟ್‌ಲಾಕರ್ ಸಸ್ಪೆಂಡ್ ಮಾಡಿದ್ದರೆ ಮತ್ತೆ ಆನ್ ಮಾಡಿ. ಅಸಲಿ ವಿಂಡೋಸ್ 10 ಇದ್ದವರಿಗೆ ಹೊಸ ಪರವಾನಗಿ ಕೀ ಕೊಳ್ಳುವ ಅಗತ್ಯವಿಲ್ಲ.

ಏನಾದರೂ ಸರಿಹೋಗದಿದ್ದರೆ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ಸಿಸ್ಟಮ್, ರಿಕವರಿ ಎಂಬಲ್ಲಿ 'ಗೋ ಬ್ಯಾಕ್' ಒತ್ತಿ ಹಳೆಯದಕ್ಕೆ ಮರಳಬಹುದು. ಅದಕ್ಕೆಂದೇ ಸಿ ಡ್ರೈವಿನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್ ಇರುತ್ತದೆ. ಜಾಗ ತಿನ್ನುತ್ತದೆಂದು ಅವಸರದಲ್ಲಿ ಅಳಿಸಬೇಡಿ, 10 ದಿನ ಕಳೆದರೆ ವಿಂಡೋಸ್ ತಾನೇ ತೆಗೆಯುತ್ತದೆ.